ಕಿಬ್ಲಾದ ಗೋಡೆ, ಚಿಪ್ಪಿಯ ಮನೆ

ಶುಕ್ರವಾರ ಜುಮಾ ಮುಗಿಸಿ ಬಂದು ಊಟ ಮಾಡಿದ ಮೇಲೆ ಇವರು ಮಲಗುವ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡರೆ ಸಂಜೆಯ ಅಸರ್ ನಮಾಜಿನ ಬಾಂಗ್ ಕೇಳುವವರೆಗೆ ಹೊರಗೆ ಬರುತ್ತಿರಲಿಲ್ಲ. ಮೊದಮೊದಲು ನಿದ್ದೆ ಎಂದುಕೊಂಡೆ. ವಾರವಿಡೀ ಮೇಜಿನ ಮುಂದೆ ಬಗ್ಗಿ ಗೆರೆ ಎಳೆಯುವ ಮನುಷ್ಯ, ಮಲಗಲಿ ಪಾಪ ಎಂದು ಮಗಳನ್ನು ಗದರಿಸಿ ಸುಮ್ಮನಿರಿಸುತ್ತಿದ್ದೆ. ಒಂದು ದಿನ ಬಾಗಿಲಿನ ಕೆಳಗಿನ ಸಂದಿಯಲ್ಲಿ ಬೆಳಕು ಬಣ್ಣ ಬದಲಾಯಿಸುವುದು ಕಂಡಿತು. ಹಳದಿ, ಆಮೇಲೆ ನೀಲಿ, ನಡುವೆ ಕತ್ತಲೆ. ಪ್ರತಿ ಬಣ್ಣಕ್ಕೂ ಮೊದಲು ಟಕ್ ಎಂಬ ಸದ್ದು. ನಿದ್ದೆ ಮಾಡುವವರ ಕೋಣೆಯಿಂದ ಇಂಥ ಸದ್ದು ಬರುವುದಿಲ್ಲ.

ಇದು ರಿಯಾದಿನ ಮಾತು, ಎಂಬತ್ತರ ದಶಕದ್ದು. ಬತ್ಹಾ ಪೇಟೆಯ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಸುತ್ತ ಎಲ್ಲ ಗಂಡಸರೇ ತುಂಬಿಕೊಂಡಿದ್ದ ಬ್ಯಾಚುಲರ್ ರೂಮುಗಳು. ಯಾವ ರೂಮಿನಲ್ಲಿ ವೀಡಿಯೋ ಉಂಟು, ಯಾವ ಕ್ಯಾಸೆಟ್ ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬ ಸುದ್ದಿ ಹೆಂಗಸರಿಗೂ ಗೋಡೆಯಾಚೆಯಿಂದ ಗೊತ್ತಾಗುತ್ತಿತ್ತು. ನನ್ನ ಗಂಡ ಐದು ಹೊತ್ತು ನಮಾಜ್ ಮಾಡುವವರು. ಆದರೂ ನಾನು ಅಂಥ ಸಿನಿಮಾವನ್ನೇ ಗ್ರಹಿಸಿದೆ. ತಪ್ಪು ಎನ್ನುತ್ತೀರಾ? ಮುಚ್ಚಿದ ಬಾಗಿಲಿನ ಹೊರಗೆ ಕುಳಿತು ನೋಡಿ, ನೀವೂ ಅದನ್ನೇ ಗ್ರಹಿಸುತ್ತೀರಿ.

ಮನೆ ಎಂದರೆ ಒಂದು ಮಲಗುವ ಕೋಣೆ, ಒಂದು ಚಾವಡಿ, ಒಬ್ಬಳು ತಿರುಗಿದರೆ ಇನ್ನೊಬ್ಬಳಿಗೆ ಜಾಗ ಇಲ್ಲದ ಅಡುಗೆಮನೆ. ಅಷ್ಟಕ್ಕೇ ನಾನು ಪ್ರತಿ ನಮಾಜಿನ ನಂತರ ಅಲ್ಲಾಹನಿಗೆ ಶುಕ್ರ್ ಹೇಳುತ್ತಿದ್ದೆ. ಮದುವೆಯಾದ ಮೇಲೆ ವರ್ಷಗಟ್ಟಲೆ ನಾನು ಊರಿನಲ್ಲಿ ಅತ್ತೆಯ ಮನೆಯಲ್ಲಿ, ಇವರು ಇಲ್ಲಿ. ರಜೆಗೆ ಬಂದಾಗ ಮಗಳು ಅಪ್ಪನನ್ನು ಕಂಡು ಅಕ್ಕಿಯ ಕಣಜದ ಹಿಂದೆ ಅಡಗಿಕೊಂಡಿದ್ದಳು. ಇಲ್ಲಿ ಎಲ್ಲ ಕೆಲಸದವರಿಗೂ ಹೆಂಡತಿ ಮಕ್ಕಳನ್ನು ಕರೆಸಲು ಅನುಮತಿ ಇರಲಿಲ್ಲ. ಕಟ್ಟಡದ ನಕ್ಷೆ ಬರೆಯುವ, ಅದರ ಸಣ್ಣ ಮಾದರಿ ಮಾಡುವ ಡ್ರಾಫ್ಟ್ಸ್‌ಮನ್ ಎಂದು ಇವರ ಕಾಗದದಲ್ಲಿ ಬರೆದಿದ್ದರಿಂದ ನಮಗೆ ಸಿಕ್ಕಿತು. ನನ್ನದೇ ಒಂದು ಗ್ಯಾಸ್ ಒಲೆ, ಬೇಕಾದಾಗ ಚಾ ಕುದಿಸಬಹುದಾದ ಸ್ವಾತಂತ್ರ್ಯ, ಸಂಜೆ ಮೆಟ್ಟಿಲಿನಲ್ಲಿ ಅಪ್ಪನ ಚಪ್ಪಲಿಯ ಸದ್ದು ಕೇಳಿ ಓಡುವ ಮಗಳು. ಇಂಥದ್ದನ್ನು ನಾನು ತಸ್ಬಿಯ ಮಣಿಯ ಹಾಗೆ ಬೆರಳಲ್ಲಿ ಸರಿಸುತ್ತಿದ್ದೆ. ಈಗ ಆ ಮನೆಯೊಳಗೇ ಒಂದು ಬಾಗಿಲು ನನಗೆ ಮುಚ್ಚಿತ್ತು.

ಮುಂದಿನ ಶುಕ್ರವಾರ ಬಾಗಿಲು ತಟ್ಟಿದೆ.

"ಎಂತ?" ಒಳಗಿನಿಂದ.

"ನನ್ನ ಮುಸಲ್ಲಾ ಒಳಗುಂಟು."

"ಬಾಂಗ್ ಆಗ್ಲಿಲ್ಲ ಅಲ್ವಾ ಇನ್ನೂ?"

"ಮುಸಲ್ಲಾ ಒಗೀಲಿಕ್ಕುಂಟು." ಸುಳ್ಳು. ನಮಾಜಿನ ಆ ಹಾಸನ್ನು ಮೊನ್ನೆಯಷ್ಟೇ ಒಗೆದಿದ್ದೆ. ಅಲ್ಲಾಹು ಕ್ಷಮಿಸಲಿ.

ಚಿಲಕ ತೆಗೆದರು. ಒಳಗೆ ಕಿಟಕಿಗೆಲ್ಲ ಕಂಬಳಿ ಹೊದಿಸಿ ಕತ್ತಲೆ ಮಾಡಿದ್ದರು. ಮಂಚದ ಮೇಲೆ ಒಂದು ಯಂತ್ರ ಬಿಸಿಯಾಗಿ ಉಸಿರು ಬಿಡುತ್ತಿತ್ತು. ಎದುರಿನ ಗೋಡೆ ತುಂಬ, ಮಾಡಿನವರೆಗೆ, ಒಂದು ದೊಡ್ಡ ಇಗರ್ಜಿ, ಗೋಪುರದ ತುದಿಯಲ್ಲಿ ಶಿಲುಬೆ.

ಅದು ನಾನು ಕಿಬ್ಲಾದ ಕಡೆಗೆ, ಎಂದರೆ ಮಕ್ಕಾದ ದಿಕ್ಕಿಗೆ, ಮುಖ ಮಾಡಿ ನಮಾಜ್ ಮಾಡುವ ಗೋಡೆ. ಮನೆಯಲ್ಲಿ ಅಲಮಾರಿ, ಮೊಳೆ, ಕಿಟಕಿ ಏನೂ ಇಲ್ಲದ ಗೋಡೆ ಅದೊಂದೇ.

"ಇದೆಂತ ಇದು! ನಾನು ಮಂಡೆ ಇಡುವ ಕಡೆ ಇಗರ್ಜಿ!"

"ಮೆಲ್ಲಗೆ ಮಾತಾಡು. ಬೆಳಕು ಮಾರಾಯ್ತಿ, ಬರೀ ಬೆಳಕು. ಸ್ವಿಚ್ ತೆಗೆದ್ರೆ ಗೋಡೆ ಗೋಡೆಯೇ."

"ಹಾಗಾದ್ರೆ ತೆಗೀರಿ."

ತೆಗೆದರು. ಗೋಡೆ ಗೋಡೆಯಾಯಿತು. ಆದರೆ ನನಗೆ ಆ ಗೋಪುರ ಅಲ್ಲೇ ನಿಂತ ಹಾಗೆ ಕಾಣುತ್ತಿತ್ತು. ಸಿನಿಮಾ ಆಗಿದ್ದರೆ ಬೈದು ಮುಗಿಸುತ್ತಿದ್ದೆ. ಈಗ ಅದಕ್ಕಿಂತ ದೊಡ್ಡ ಸಂಶಯ ಬಂತು. ಈ ಮನುಷ್ಯನನ್ನು ಯಾರಾದರೂ ಬೇರೆ ದಾರಿಗೆ ಎಳೆಯುತ್ತಿದ್ದಾರಾ?

ಅವತ್ತು ಇವರು ಎಲ್ಲ ಹೇಳಿದರು. (ನಮ್ಮ ಮನೆಯ ಮಾತು ಬ್ಯಾರಿ ಭಾಷೆ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.) ಇವರ ಆಫೀಸಿನ ದೊಡ್ಡ ಇಂಜಿನಿಯರ್ ಸಿರಿಯಾದವರು. ಹರೆಯದಲ್ಲಿ ಸ್ಪೇನಿನ ಒಂದು ಹಳೆಯ ವಿಶ್ವವಿದ್ಯಾಲಯದ ಊರಿನಲ್ಲಿ ಕಲಿತವರು. ಅವರ ಪರಿಚಯದ ಒಬ್ಬ ಧಾನ್ಯದ ವ್ಯಾಪಾರಿ, ದೊಡ್ಡ ಶೇಖ್, ಅವರ ಜೊತೆ ಆ ಊರನ್ನು ನೋಡಿ ಬಂದು, ಅಲ್ಲಿನ ಒಂದು ಮನೆಯ ಹಾಗೆ ತನಗೂ ರಿಯಾದಿನಲ್ಲಿ ಮನೆ ಬೇಕು ಎಂದಿದ್ದ. ಇಂಜಿನಿಯರ್ ಚೌಕಟ್ಟಿಗೆ ಹಾಕಿದ ಪುಟ್ಟ ಫಿಲ್ಮಿನ ತನ್ನ ಹಳೆಯ ಸ್ಲೈಡುಗಳನ್ನೂ, ಅವನ್ನು ದೊಡ್ಡದು ಮಾಡಿ ತೋರಿಸುವ ಯಂತ್ರವನ್ನೂ, ಕೈಯಿಂದ ಬರೆದ ನಕ್ಷೆಯನ್ನೂ ಇವರ ಕೈಗೆ ಕೊಟ್ಟು, "ನಾನು ರಜೆ ಮುಗಿಸಿ ಬರುವಾಗ ಮಾದರಿ ತಯಾರಾಗಿರಬೇಕು, ಶೇಖ್ ನೋಡಲು ಬರುತ್ತಾನೆ" ಎಂದು ಹೇಳಿ ಹೋಗಿದ್ದರು.

"ಅದನ್ನು ಆಫೀಸಿನಲ್ಲಿ ಮಾಡ್ಲಿಕ್ಕಾಗುದಿಲ್ವಾ?"

"ಅಲ್ಲಿ ಒಬ್ಬ ಉಂಟಲ್ಲ, ಅವನಿಗೆ ನನ್ನ ಜಾಗಕ್ಕೆ ತಮ್ಮನನ್ನು ತರ್ಬೇಕು. ಈ ಇಗರ್ಜಿ, ಈ ಮೂರ್ತಿ ಎಲ್ಲ ಕಂಡ್ರೆ ಎಲ್ಲಿಗೆ ಹೋಗಿ ಎಂತ ಹೇಳ್ತಾನೋ. ಮುತವ್ವಾ ಬಂದು ಬಾಗಿಲು ತಟ್ಟಿದ್ರೆ ನಾನು ಎಂತ ಹೇಳುದು, ಇದು ಡ್ರಾಯಿಂಗ್ ಅಂತಲಾ?"

ಮುತವ್ವಾ ಎಂದರೆ ಬೆತ್ತ ಹಿಡಿದು ಪೇಟೆಯಲ್ಲಿ ನಮಾಜಿನ ಹೊತ್ತಿಗೆ ಅಂಗಡಿ ಮುಚ್ಚಿಸುವವರು. ಆ ಹೆಸರು ಕೇಳಿದರೆ ತಪ್ಪು ಮಾಡದವರೂ ಒಮ್ಮೆ ತಮ್ಮ ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದ ಕಾಲ.

"ಮತ್ತೆ ಒಂದು ಮಾತುಂಟು," ಎಂದರು, ನನ್ನ ಮುಖ ನೋಡದೆ. "ಇದು ಸರಿ ಆಗದಿದ್ರೆ ಕೆಲಸ ಇಲ್ಲ. ಇಕಾಮಾ ಹೊಸತಾಗುದಿಲ್ಲ. ಬೇರೆ ಕೆಲಸ ಸಿಕ್ಕಿದ್ರೂ ಫ್ಯಾಮಿಲಿ ಇಡುವಂಥದ್ದು ಸಿಕ್ಕುದಿಲ್ಲ. ನೀವಿಬ್ಬರು ಊರಿಗೆ."

ಇಕಾಮಾ ಎಂದರೆ ಇಲ್ಲಿ ಉಳಿಯಲು ಸರಕಾರ ಕೊಡುವ ಪುಸ್ತಕ. ಅದರ ಅವಧಿ ಮುಗಿಯಲು ಬಂದಿದ್ದನ್ನು ಇವರು ನನಗೆ ಹೇಳಿರಲೇ ಇಲ್ಲ. ಕಣಜದ ಹಿಂದೆ ಅಡಗಿದ್ದ ಮಗಳ ಮುಖ ನೆನಪಾಯಿತು.

"ಮಾಡಿ," ಎಂದೆ. "ಆದ್ರೆ ಆ ಗೋಡೆಯಲ್ಲಿ ಅಲ್ಲ."

ಬೇರೆ ಗೋಡೆಯೇ ಇಲ್ಲವಲ್ಲ. ಕೊನೆಗೆ ನಾನೇ ದಾರಿ ಹುಡುಕಿದೆ. ಮಲಗುವ ಕೋಣೆಯ ಬಾಗಿಲು ತೆರೆದಿಟ್ಟು, ಬಾಗಿಲ ಚೌಕಟ್ಟಿಗೆ ಬಿಳಿಯ ಮಂಚದ ಚಾದರವನ್ನು ಬಿಗಿಯಾಗಿ ಕಟ್ಟಿದೆ. ಒಗೆದು ಒಗೆದು ತೆಳ್ಳಗಾದ ಚಾದರ. ಯಂತ್ರ ಕೋಣೆಯೊಳಗೆ, ಇವರು ಯಂತ್ರದ ಬದಿಗೆ, ಚಿತ್ರ ಚಾದರದ ಮೇಲೆ. ಚಾವಡಿಯ ಹೊರಬಾಗಿಲಿಗೆ ಮಾತ್ರ ಬೀಗ.

"ಗೋಡೆಯಷ್ಟು ಚಂದ ಬರುದಿಲ್ಲ," ಎಂದು ಇವರು ಗೊಣಗಿದರು.

"ಅಡ್ಡಿಲ್ಲ. ನನ್ನ ನಮಾಜ್ ಚಂದ ಬರ್ಲಿ."

ಹಾಗೆ ನಾವು ಆ ಊರನ್ನು ನೋಡಲು ಶುರು ಮಾಡಿದೆವು. ಪಾಸ್‌ಪೋರ್ಟ್ ಇಲ್ಲದೆ, ಚಪ್ಪಲಿ ಹಾಕದೆ, ಮಂಚದ ಮೇಲೆ ಕುಳಿತು. ನಾನು ಇವರ ಪಕ್ಕದಲ್ಲಿ, ಮಡಿಲಲ್ಲಿ ಮಗಳು. ಒಂದೊಂದು ಟಕ್‌ಗೆ ಒಂದೊಂದು ಬೀದಿ.

ಸುಳ್ಳು ಹೇಳಬಾರದು, ಕಲ್ಲಿನ ಬಣ್ಣ ಚಂದ. ತುಪ್ಪದಲ್ಲಿ ಹುರಿದ ರವೆಯ ಬಣ್ಣ. ಇಡೀ ಊರೇ ಆ ಒಂದು ಕಲ್ಲಿನದು. ಒಂದು ದೊಡ್ಡ ಚೌಕ, ನಾಲ್ಕು ಸುತ್ತಲೂ ಕಮಾನುಗಳು, ಕಮಾನಿನ ನೆರಳಿನಲ್ಲಿ ಅಂಗಡಿಗಳು. ಇಷ್ಟು ಒಳ್ಳೆಯ ನೆರಳು ರಿಯಾದಿನಲ್ಲಿ ಇದ್ದಿದ್ದರೆ ಎಂದುಕೊಂಡೆ. ಆದರೆ ಕಮಾನಿನಿಂದ ಕಮಾನಿಗೆ ನಡುವೆ ದುಂಡಗೆ ಕೆತ್ತಿದ ಮನುಷ್ಯರ ತಲೆಗಳು. ರಾಜರಂತೆ. ಅಂಗಡಿಗೆ ಬಂದವರನ್ನೆಲ್ಲ ಮೇಲಿನಿಂದ ನೋಡುತ್ತ ಕೂರುವ ತಲೆಗಳು ಯಾಕೆ? ಯಾರಿಗೋ ಯಾರ ಮೇಲೋ ನಂಬಿಕೆ ಇಲ್ಲದ ಊರು ಎನಿಸಿತು.

ಇಗರ್ಜಿ ಒಂದಲ್ಲ, ಎರಡು, ಒಂದಕ್ಕೊಂದು ತಾಗಿಕೊಂಡು. ಹಳೆಯದನ್ನು ಕೆಡವದೆ ಅದರ ಗೋಡೆಗೇ ಒರಗಿಸಿ ಹೊಸದನ್ನು ಕಟ್ಟಿದ್ದಾರಂತೆ. "ಹಳೆ ಅತ್ತೆ, ಹೊಸ ಸೊಸೆ," ಎಂದು ಇವರು ನಕ್ಕರು. "ಹಾಗಿದ್ರೆ ಒಳಗೆ ಎರಡು ಒಲೆ ಉಂಟಾ ಕೇಳಿ," ಎಂದೆ.

ವಿಶ್ವವಿದ್ಯಾಲಯದ ಒಂದು ಪಾಠದ ಕೋಣೆಯಲ್ಲಿ ಮರದ ದಿಮ್ಮಿಗಳನ್ನೇ ಬೆಂಚಿನ ಹಾಗೆ ಸಾಲಾಗಿ ಇಟ್ಟಿದ್ದರು. ನೂರಾರು ವರ್ಷ ಮಕ್ಕಳು ಕುಳಿತು ನಯವಾದದ್ದು. ಅದು ನನಗೆ ಇಷ್ಟವಾಯಿತು, ನಮ್ಮ ಮದರಸಾದ ಹಲಗೆಯ ಹಾಗಿತ್ತು. ಆದರೆ ಅದೇ ವಿಶ್ವವಿದ್ಯಾಲಯದ ಬಾಗಿಲಿನ ಮೇಲಿನ ಕೆತ್ತನೆಯ ರಾಶಿಯಲ್ಲಿ ಒಂದು ತಲೆಬುರುಡೆ, ಬುರುಡೆಯ ಮೇಲೆ ಒಂದು ಕಪ್ಪೆ. ಹೊರಗಿನ ಗೋಡೆಗಳಲ್ಲಿ ಕೆಂಪು ಬಣ್ಣದಲ್ಲಿ ಹೆಣೆದುಕೊಂಡ ಅಕ್ಷರಗಳು.

"ಅದು ಕಲಿತು ಪಾಸಾದವರು ಬರೆದದ್ದು. ಹಿಂದೆ ಗೂಳಿಯ ರಕ್ತದಲ್ಲಿ ಬರೀತಿದ್ರಂತೆ," ಎಂದರು ಇವರು, ಏನೂ ಆಗದವರ ಹಾಗೆ.

"ಪಾಸಾದದ್ದಕ್ಕೆ ರಕ್ತವಾ? ಫೇಲಾದ್ರೆ ಎಂತ ಮಾಡ್ತಾರಪ್ಪ!"

ಬುರುಡೆ, ಕಪ್ಪೆ, ರಕ್ತದ ಬರಹ. ನಮ್ಮೂರಲ್ಲಿ ಇಷ್ಟರಲ್ಲಿ ಒಂದು ಹಿತ್ತಲಲ್ಲಿ ಸಿಕ್ಕಿದರೆ ಸಾಕು, ಮಾಟ ಎಂದು ಉಸ್ತಾದರನ್ನು ಕರೆಯುತ್ತಾರೆ. ನಾನು ಕುರ್‌ಆನಿನ ಆಯತುಲ್ ಕುರ್ಸಿ ಓದಿ ಮಗಳ ನೆತ್ತಿಗೆ ಊದಿದೆ.

ಶೇಖ್ ಮೆಚ್ಚಿದ ಮನೆ ಬಂತು. ಎರಡು ಬೀದಿ ಸೇರುವ ಮೂಲೆಯಲ್ಲಿ, ಒಂದೊಂದು ಬೀದಿಗೆ ಒಂದೊಂದು ಗೋಡೆ ತೋರಿಸುವ ಮನೆ. ಗೋಡೆಯ ತುಂಬ ಕಲ್ಲಿನ ಚಿಪ್ಪಿಗಳು, ಅಂಗಿಗೆ ಗುಂಡಿ ಹೊಲಿದ ಹಾಗೆ. ನನಗೆ ನಗು ಬಂತು. ನಮ್ಮ ಕಡೆ ಹೊಳೆಯಿಂದ ಮರುವಾಯಿ ತಂದು, ಒಳಗಿನದನ್ನು ತಿಂದು, ಚಿಪ್ಪಿಯನ್ನು ಸುಟ್ಟು ಸುಣ್ಣ ಮಾಡಿ ಗೋಡೆಗೆ ಬಳಿಯುತ್ತೇವೆ. ಆ ಊರಿನವರು ಸುಡುವ ತಾಳ್ಮೆ ಇಲ್ಲದೆ ಹಾಗೇ ಅಂಟಿಸಿಬಿಟ್ಟಿದ್ದಾರೆ.

"ಅಲ್ಲಿ ಹತ್ತಿರ ಕಡಲು ಉಂಟಾ?"

"ಇಲ್ಲ. ಒಳನಾಡು."

"ಮತ್ತೆ ಚಿಪ್ಪಿ ಎಲ್ಲಿಂದ? ಯಾಕೆ?"

"ಅವರಲ್ಲಿ ದೂರದ ಒಂದು ಜಾಗಕ್ಕೆ ನಡೆದು ಯಾತ್ರೆ ಹೋಗಿ ಬಂದವರ ಗುರುತಂತೆ. ಇಂಜಿನಿಯರ್ ಹೇಳಿದ್ದು."

ನಡೆದು ಯಾತ್ರೆ ಹೋಗುವವರ ಬಗ್ಗೆ ನಾನು ಕೆಟ್ಟ ಮಾತು ಹೇಳುವುದಿಲ್ಲ. ಹಜ್ಜಿಗೆ ಹೋಗುವ ಆಸೆ ಹೊತ್ತು ಇಲ್ಲಿಗೆ ಬಂದವಳು ನಾನು. ಸ್ವಲ್ಪ ಮೆತ್ತಗಾದೆ. ಅಷ್ಟರಲ್ಲಿ ಚಿತ್ರದ ಕೆಳಗಿನ ಮೂಲೆ ಕಣ್ಣಿಗೆ ಬಿತ್ತು. ಆ ಮನೆಯ ಬಾಗಿಲ ಪಕ್ಕ ಬುಟ್ಟಿ ಇಟ್ಟುಕೊಂಡು ಒಬ್ಬ ಹೆಂಗಸು ಕುಳಿತಿದ್ದಾಳೆ. ಟೊಪ್ಪಿ ಹಾಕಿದ ಮುದುಕನೊಬ್ಬ ಬಗ್ಗಿ ಅವಳ ಕೈಗೆ ನಾಣ್ಯ ಹಾಕುತ್ತಿದ್ದಾನೆ. ಎಡಗೈಯಲ್ಲಿ.

"ನೋಡಿ! ಎಡಗೈಯಲ್ಲಿ ಕೊಡ್ತಾನೆ!"

"ಅವರಿಗೆ ಹಾಗೆಲ್ಲ ಇಲ್ಲ."

"ಅವಳೂ ಎಡಗೈಯಲ್ಲೇ ತಗೊಳ್ತಾಳೆ. ಪ್ರಾಯ ಆದವರು ಇಬ್ಬರೂ."

"ಅವರು ಊಟಕ್ಕೂ ಎಡಗೈಯಲ್ಲೇ ಫೋರ್ಕ್ ಹಿಡಿಯುದು. ಬಿಡು ಮಾರಾಯ್ತಿ."

ಬಿಡಲಿಲ್ಲ. ಕಲ್ಲು ಎಷ್ಟು ಚಂದ ಇದ್ದರೇನು, ಬೇಡಿ ಕುಳಿತವಳಿಗೆ ಎಡಗೈಯಲ್ಲಿ ಕೊಡುವ ಊರು. ಅಂಥ ಊರಿನ ಮನೆಯ ಮೇಲೆ ನಮ್ಮ ಅನ್ನ ನಿಂತಿದೆಯಲ್ಲ ಎಂದುಕೊಂಡೆ.

ಇವರಿಗೆ ಬೇರೆಯದೇ ತಲೆಬಿಸಿ. ಇಂಜಿನಿಯರ್ ಬರೆದ ನಕ್ಷೆಯಲ್ಲಿ ಆ ಮನೆಯ ದೊಡ್ಡ ಬಾಗಿಲು ಮೂಲೆಯ ಬಲಕ್ಕಿತ್ತು. ಫೋಟೋದಲ್ಲಿ ಎಡಕ್ಕೆ. ಒಳಗಿನ ಅಂಗಳದ ಮೆಟ್ಟಿಲೂ ಹಾಗೆಯೇ, ನಕ್ಷೆಯಲ್ಲಿ ಒಂದು ಕಡೆ, ಫೋಟೋದಲ್ಲಿ ಇನ್ನೊಂದು ಕಡೆ. ಇವರು ತುಂಬ ದಿನ ಯೋಚಿಸಿ ಫೋಟೋವನ್ನೇ ನಂಬಿದರು. "ಅವರು ನೆನಪಿನಿಂದ ಗೀಚಿದ್ದು, ತಪ್ಪಬಹುದು. ಫೋಟೋ ತಪ್ಪುತ್ತದಾ?"

"ಬೇಕಂತಲೇ ತಪ್ಪು ಬರೆದು ಕೊಟ್ಟಿರಬಹುದು," ಎಂದೆ. "ನಿಮ್ಮನ್ನು ಕಳಿಸ್ಲಿಕ್ಕೆ ಒಂದು ನೆಪ ಬೇಕಲ್ಲ."

"ಛೆ, ಅವರು ಅಂಥವರಲ್ಲ," ಎಂದರು. ಆದರೆ ಮರುದಿನ ಆ ನಕ್ಷೆಯನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡುತ್ತಿದ್ದರು. ನನ್ನ ಸಂಶಯ ಅವರಿಗೂ ಅಂಟಿತ್ತು.

ರಟ್ಟಿನಲ್ಲಿ ಗೋಡೆ ಎದ್ದಿತು. ಬಾಗಿಲು ಎಡಕ್ಕೆ. ಉಳಿದದ್ದು ಚಿಪ್ಪಿಗಳು. ಇವರು ಮೇಣದಲ್ಲಿ ಮಾಡಿ ನೋಡಿದರು, ರಿಯಾದಿನ ಸೆಕೆಗೆ ಕರಗಿತು. ಕಾಗದ ಮಡಚಿ ನೋಡಿದರು, ಇರುವೆಯ ರೆಕ್ಕೆಯಂತೆ ಕಂಡಿತು. ನಾನು ಆಗ ಕೊತ್ತಂಬರಿ ಹುರಿಯಲು ಕುಳಿತಿದ್ದೆ. ಒಂದು ಬೀಜ ಉಗುರಿನಲ್ಲಿ ಒಡೆದು ಎರಡಾಯಿತು. ಅರ್ಧ ಬೀಜವನ್ನು ಅಂಗೈಯಲ್ಲಿಟ್ಟು ನೋಡಿದರೆ ಗೆರೆ ಗೆರೆ, ಉಬ್ಬು, ಅದೇ ಹುರಿದ ರವೆಯ ಬಣ್ಣ.

"ಇದಾಗುದಿಲ್ವಾ?"

ಇವರು ಅದನ್ನು ಅಂಟಿನಿಂದ ಗೋಡೆಗೆ ತಾಗಿಸಿ, ದೂರ ನಿಂತು, ಒಂದು ಕಣ್ಣು ಮುಚ್ಚಿ ನೋಡಿದರು. "ಹುರಿಬೇಡ," ಎಂದರು. "ಎಷ್ಟುಂಟು?"

ಆ ದಿನದಿಂದ ನಮ್ಮ ಮನೆಯಲ್ಲಿ ಸಾರಿಗೆ ಕೊತ್ತಂಬರಿ ಇಲ್ಲ, ಎಲ್ಲ ಸ್ಪೇನಿಗೆ.

ಸಂಶಯ ನಮ್ಮ ಬಾಗಿಲೊಳಗೆ ಮಾತ್ರ ಇರಲಿಲ್ಲ. ಎದುರು ಬಾಗಿಲಿನಲ್ಲಿ ಉಡುಪಿ ಕಡೆಯ ಅಕ್ಕ ಒಬ್ಬರಿದ್ದರು. ಗಂಡ ಆಸ್ಪತ್ರೆಯಲ್ಲಿ ಕೆಲಸ. ಇಡೀ ಓಣಿಯಲ್ಲಿ ನನಗೆ ಕನ್ನಡ ಮಾತಾಡಲು ಸಿಕ್ಕುತ್ತಿದ್ದ ಒಂದೇ ಹೆಂಗಸು. ಮೊದಲೆಲ್ಲ ಇಬ್ಬರ ಬಾಗಿಲೂ ತೆರೆದೇ ಇರುತ್ತಿತ್ತು. ಈಗ ನಾನು ಹೊರಬಾಗಿಲಿಗೆ ಬೀಗ ಹಾಕಲು ಶುರು ಮಾಡಿದ ಮೇಲೆ ಅವರು ದಿನಕ್ಕೊಂದು ನೆಪ ಹಿಡಿದು ಬರತೊಡಗಿದರು.

"ಸ್ವಲ್ಪ ಕೊತ್ತಂಬರಿ ಉಂಟಾ?"

"ಮುಗಿದುಂಟು ಅಕ್ಕ."

"ನಿನ್ನೆ ದೊಡ್ಡ ಚೀಲ ತಂದದ್ದು ಕಂಡೆ ಮಾರಾಯ್ತಿ!"

"ಅದು... ಬೇರೆಯವರಿಗೆ."

ಅವರು ನನ್ನ ಹೆಗಲ ಮೇಲಿಂದ ಒಳಗೆ ಇಣುಕುತ್ತಿದ್ದರು. ಚಾದರದ ಮೇಲೆ ಬೆಳಕು ಕುಣಿಯುತ್ತಿತ್ತು. "ಎಂತ, ಹಗಲಿಗೇ ಎಲ್ಲ ಮುಚ್ಚಿಕೊಂಡು? ನಿಮ್ಮವರಿಗೆ ಹುಷಾರಿಲ್ವಾ?"

"ತಲೆನೋವು."

"ತಿಂಗಳಿಡೀ ತಲೆನೋವಾ?"

ಇವಳು ಹೋಗಿ ಎಲ್ಲಿಯಾದರೂ ಬಾಯಿಬಿಟ್ಟರೆ? ಗಂಡನ ಆಸ್ಪತ್ರೆಗೆ ನೂರು ಬಗೆಯ ಜನ ಬರುತ್ತಾರೆ. ಅಕ್ಕ ಹೋದ ಮೇಲೆ ನಾನು ಬಾಗಿಲಿಗೆ ಕಿವಿ ಇಟ್ಟು ಮೆಟ್ಟಿಲ ಕಡೆ ಹೆಜ್ಜೆ ಕೇಳುತ್ತದಾ ಎಂದು ನಿಲ್ಲುತ್ತಿದ್ದೆ. ಅವರ ಬಾಗಿಲು ಮುಚ್ಚಿದ ಸದ್ದು ಬೇಗ ಬರುತ್ತಿರಲಿಲ್ಲ. ಅಂದರೆ ಅವರೂ ಅಲ್ಲೇ ನಿಂತು ಕೇಳುತ್ತಿದ್ದರು.

ಮಾದರಿ ಮುಗಿಯುತ್ತಾ ಬಂತು. ಇಂಜಿನಿಯರ್ ಬರುವ ಶನಿವಾರ ಹತ್ತಿರವಾಯಿತು. ಬುಧವಾರ ಮಧ್ಯಾಹ್ನ ಇವರು ಆಫೀಸಿನಿಂದ ಬೇಗ ಬಂದು ಒಮ್ಮೆ ಕೊನೆಯದಾಗಿ ಫೋಟೋದ ಜೊತೆ ತಾಳೆ ನೋಡುತ್ತೇನೆ ಎಂದು ಯಂತ್ರ ಹಾಕಿದರು. ನನಗೆ ಒಳಗೆ ಕೂರಲು ಪುರುಸೊತ್ತಿರಲಿಲ್ಲ. ಚಾವಡಿಯಲ್ಲಿ ನೆಲಕ್ಕೆ ಕುಳಿತು ಅಕ್ಕಿ ರೊಟ್ಟಿ ತಟ್ಟುತ್ತಿದ್ದೆ. ಚಾದರ ತೆಳ್ಳಗಿನದ್ದಲ್ಲವಾ, ಚಿತ್ರ ನನ್ನ ಕಡೆಗೂ ಮೂಡುತ್ತಿತ್ತು. ಇಷ್ಟು ದಿನ ನಾನು ಇವರ ಪಕ್ಕದಲ್ಲೇ ಕುಳಿತು ನೋಡಿದವಳು. ಈ ಕಡೆಯಿಂದ ಚಿತ್ರವನ್ನು ಸರಿಯಾಗಿ ನೋಡಿದ್ದು ಅವತ್ತೇ.

ಟಕ್. ಚಿಪ್ಪಿಯ ಮನೆ. ಮುದುಕ. ಬುಟ್ಟಿಯ ಹೆಂಗಸು.

ಅವನು ಬಲಗೈಯಲ್ಲಿ ಕೊಡುತ್ತಿದ್ದ.

ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡೆ. ಬಲಗೈಯೇ.

"ಹೋಯ್, ಕೇಳಿತಾ? ಇವತ್ತು ಅವನು ಬಲಗೈಯಲ್ಲಿ ಕೊಡ್ತಾನೆ!"

"ಯಾರು?"

"ಆ ಮುದುಕ!"

"ಎಂತ ಹುಚ್ಚು ನಿಂಗೆ. ಅದೇ ಫೋಟೋ. ಎಡಗೈಯೇ."

"ನಾನು ನೋಡ್ತಾ ಇದ್ದೇನೆ ಕಣ್ಣಾರೆ. ಬಲಗೈ."

"ನಾನೂ ನೋಡ್ತಾ ಇದ್ದೇನೆ. ಎಡಗೈ."

"ಹಾಗಾದ್ರೆ ಬಂದು ನೋಡಿ!"

ಚಾದರದ ಅಂಚು ಎತ್ತಿ ಇವರು ನನ್ನ ಕಡೆಗೆ ಬಂದರು, ಬೈಯಲೆಂದೇ. ಬಂದವರು ಬೈಯಲಿಲ್ಲ. ನನ್ನ ರೊಟ್ಟಿಯ ಹಲಗೆಯ ಪಕ್ಕ ನಿಂತು ನೋಡಿದರು. ಆಮೇಲೆ ಒಳಗೆ ಹೋಗಿ ಇಂಜಿನಿಯರ್ ಬರೆದ ನಕ್ಷೆಯನ್ನು ತಂದು ಚಿತ್ರದ ಪಕ್ಕಕ್ಕೆ ಹಿಡಿದರು. ಬಾಗಿಲು ಮೂಲೆಯ ಬಲಕ್ಕೆ. ಮುಂದಿನ ಸ್ಲೈಡ್ ಹಾಕಿ ಓಡಿ ಬಂದರು. ಮೆಟ್ಟಿಲು ನಕ್ಷೆಯಲ್ಲಿ ಇದ್ದ ಕಡೆಗೇ.

ಯಂತ್ರದಿಂದ ಸ್ಲೈಡನ್ನು ತೆಗೆದು, ಕಂಬಳಿ ಸರಿಸಿ, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರು. ಉಳಿದ ಸ್ಲೈಡುಗಳಲ್ಲಿ ಮಂಕಾದ ಮೈ ಒಂದು ಕಡೆ, ಹೊಳೆಯುವ ಮೈ ಇನ್ನೊಂದು ಕಡೆ. ಈ ಮನೆಯ ಸ್ಲೈಡುಗಳಲ್ಲಿ ಮಾತ್ರ ಅದು ತಿರುಗುಮುರುಗು. ಯಾವಾಗಲೋ ಯಾರೋ ಹಳೆಯ ಚೌಕಟ್ಟು ತೆಗೆದು ಹೊಸದು ಹಾಕುವಾಗ ಫಿಲ್ಮನ್ನು ಮಗುಚಿ ಹಾಕಿಬಿಟ್ಟಿದ್ದರು. ಇವುಗಳಲ್ಲಿ ಅಂಗಡಿಯ ಬೋರ್ಡೂ ಇಲ್ಲ, ಕೆಂಪು ಅಕ್ಷರವೂ ಇಲ್ಲ, ಕಲ್ಲು ಮಾತ್ರ. ಕಲ್ಲಿಗೆ ಎಡ ಬಲ ಯಾರು ಕೇಳುತ್ತಾರೆ?

ಇಂಜಿನಿಯರ್ ಬರೆದದ್ದು ಸರಿ ಇತ್ತು. ಮುದುಕನೂ ಸರಿ ಇದ್ದ. ನಾವು ಆ ಊರನ್ನು ಒಳಮೈಯಿಂದ ನೋಡುತ್ತ, ಅದರ ಜನರನ್ನೆಲ್ಲ ಎಡಚರೆಂದು ತೀರ್ಮಾನಿಸಿ ಕುಳಿತಿದ್ದೆವು.

ಇವರು ಮಾದರಿಯ ಮುಂದೆ ನೆಲದಲ್ಲಿ ಕುಸಿದು ಕುಳಿತರು. "ಇದನ್ನು ಅವರ ಮುಂದೆ ಇಟ್ಟಿದ್ರೆ! ಅವರು ದಿನಾ ನಡೆದ ಬೀದಿ."

ನಾನು ಅಲ್‌ಹಮ್ದುಲಿಲ್ಲಾಹ್ ಎಂದೆ. ಕಿಬ್ಲಾದ ಗೋಡೆಯಲ್ಲಿ ಚಿತ್ರ ಬಿಡಬಾರದು ಎಂದು ಹಟ ಮಾಡದಿದ್ದರೆ ಚಾದರ ಇಲ್ಲ. ಚಾದರ ಇಲ್ಲದಿದ್ದರೆ ಇನ್ನೊಂದು ಮಗ್ಗುಲೇ ಇಲ್ಲ. ಗೋಡೆಯ ಹಿಂದೆ ನಿಂತು ಯಾರಿಗೂ ನೋಡಲಾಗುವುದಿಲ್ಲ. ಆದರೆ ಶನಿವಾರಕ್ಕೆ ಇಡೀ ಮುಖವನ್ನೂ ಒಳಗಿನ ಮೆಟ್ಟಿಲನ್ನೂ ಮತ್ತೆ ಕಟ್ಟಬೇಕು. ಕತ್ತರಿಸುವುದು ಇವರು. ಚಿಪ್ಪಿ ಅಂಟಿಸಲು ನನ್ನ ಎರಡು ಕೈ ಸಾಲದು.

ಎದುರು ಬಾಗಿಲು ನೋಡಿದೆ. ಇವರೂ ನೋಡಿದರು.

"ಬೇಡ," ಎಂದರು. "ಅವಳು ಊರಿಡೀ ಹೇಳ್ತಾಳೆ."

"ಈಗ ಹೇಳದೆ ಇದ್ದಾಳಾ? ಒಳಗೆ ಎಂತ ಅಂತ ಗೊತ್ತಿಲ್ಲದೆಯೇ ಹೇಳ್ತಿದ್ರೆ ಅದು ಇನ್ನೂ ಕಷ್ಟ."

ಹೋಗಿ ಬಾಗಿಲು ತಟ್ಟಿದೆ. ಅಕ್ಕ ಬಾಗಿಲು ತೆರೆಯಲು ಹೊತ್ತು ಮಾಡಿದರು. ಒಳಗೆ ಅಲಮಾರಿಯ ಬಾಗಿಲು ಮುಚ್ಚಿದ ಸದ್ದು, ಬೀಗದ ಸದ್ದು. ಅಗರಬತ್ತಿಯ ವಾಸನೆ. ಅವರ ಮುಖ ಬಿಳಿಚಿತ್ತು.

"ಅಕ್ಕ, ನಮ್ಮ ಮನೆಗೆ ಬನ್ನಿ. ನಿಮಗೆ ಒಂದು ತೋರಿಸ್ಲಿಕ್ಕುಂಟು."

ಬಂದರು. ಚಾದರ ನೋಡಿದರು, ಯಂತ್ರ ನೋಡಿದರು, ರಟ್ಟಿನ ಮನೆ ನೋಡಿದರು. ಗೋಡೆಯ ಹತ್ತಿರ ಮೂಗು ತಂದು ಮೂಸಿದರು.

"ಕೊತ್ತಂಬರಿ!" ಎಂದರು. "ಅಯ್ಯೋ ನಿಮ್ಮ! ಇಷ್ಟೆಯಾ? ನಾನು ಗ್ರಹಿಸಿದ್ದೆ ನಿಮ್ಮವರು ಬಾಗಿಲು ಹಾಕಿ ಕೂತು ನಮ್ಮ ಬಗ್ಗೆ ಯಾರಿಗೋ ಬರೀತಿದ್ದಾರೆ ಅಂತ."

"ನಿಮ್ಮ ಬಗ್ಗೆಯಾ? ಎಂತ ಬರೀಲಿಕ್ಕೆ?"

ಅವರು ತಿರುಗಿ ತಮ್ಮ ಬಾಗಿಲ ಕಡೆ ನೋಡಿದರು. ಇಲ್ಲಿ ಬೇರೆ ಧರ್ಮದ ಪೂಜೆಗೆ ಅನುಮತಿ ಇರಲಿಲ್ಲ. ಆ ಅಲಮಾರಿಯೊಳಗೆ ಅವರ ದೇವರ ಪಟವಿದೆ ಎಂದು ನನಗೆ ಎಂದೋ ಗೊತ್ತಿತ್ತು, ಅಗರಬತ್ತಿಗೆ ಬೀಗ ಹಾಕಲಾಗುವುದಿಲ್ಲವಲ್ಲ. ನನಗೆ ಗೊತ್ತಿದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ನಾನು ಅವರಿಗೆ ಹೆದರಿ ಬೀಗ ಹಾಕಿದೆ, ನನ್ನ ಬೀಗ ನೋಡಿ ಅವರು ಹೆದರಿದರು.

"ನಾನು ನನ್ನ ಗೋಡೆ ನೋಡಿಕೊಳ್ತೇನೆ ಅಕ್ಕ," ಎಂದೆ. "ನಿಮ್ಮ ಅಲಮಾರಿ ನೀವು ನೋಡಿಕೊಳ್ಳಿ. ಈಗ ಈ ಬೀಜ ಒಡೀಲಿಕ್ಕೆ ಕೈ ಕೊಡಿ."

ಕೊಟ್ಟರು. ಗುರುವಾರವೂ ಶುಕ್ರವಾರವೂ ಅಡುಗೆ ಮುಗಿಸಿ ಬಂದು ಕುಳಿತು, ಅರ್ಧ ಬೀಜಗಳನ್ನು ಅಂಗೈಯಲ್ಲಿ ಆರಿಸಿ, ಒಂದೇ ಗಾತ್ರದ್ದನ್ನು ಸಾಲು ಮಾಡಿ ಕೊಟ್ಟರು. "ಈ ಸ್ಪೇನಿನವರಿಗೆ ಒಂದು ಒಗ್ಗರಣೆಯೂ ಹಾಕಬಹುದಿತ್ತು," ಎಂದು ಗೇಲಿ ಮಾಡಿದರು. ಮುದುಕನ ಸ್ಲೈಡ್ ತೋರಿಸಿದಾಗ, "ಹೌದು, ಬಲಗೈ. ಒಳ್ಳೆ ಜನ," ಎಂದು ಸರ್ಟಿಫಿಕೇಟ್ ಕೊಟ್ಟರು. ಆದರೂ ಪ್ರತಿಸಲ ಮನೆಗೆ ಹೊರಡುವಾಗ ನಾನು ಕೇಳುತ್ತಿದ್ದೆ, "ಅಕ್ಕ, ಯಾರಿಗೂ..." ಅವರೂ ಕೇಳುತ್ತಿದ್ದರು, "ನೀನೂ ಮಾರಾಯ್ತಿ, ಯಾರಿಗೂ..." ಒಂದೇ ಸಲಕ್ಕೆ ಸಂಶಯ ಬಿಟ್ಟು ಹೋಗುವಂಥದ್ದಲ್ಲ.

ಶನಿವಾರ ಬೆಳಿಗ್ಗೆ ಮಾದರಿಯನ್ನು ಅದೇ ಚಾದರದಲ್ಲಿ ಸುತ್ತಿ ಟ್ಯಾಕ್ಸಿಯಲ್ಲಿ ತೆಗೆದುಕೊಂಡು ಹೋದರು. ನಾನು ಎರಡು ರಕಾತ್ ನಮಾಜ್ ಮಾಡಿದೆ. ಆಮೇಲೆ ಕೆಲಸ ಮಾಡಲು ಕೈ ಬರಲಿಲ್ಲ. ಮಗಳ ಬಟ್ಟೆಗಳನ್ನು ಮಡಚಿ ಮಂಚದ ಮೇಲೆ ಇಟ್ಟೆ. ಇಟ್ಟ ಮೇಲೆ, ಇದೇನು, ಪೆಟ್ಟಿಗೆ ಕಟ್ಟುವವಳ ಹಾಗೆ ಎಂದು ಹೆದರಿ ಮತ್ತೆ ಅಲಮಾರಿಗೆ ತುರುಕಿದೆ.

ಸಂಜೆ ಬಂದರು. ಮುಖದಲ್ಲಿ ಏನೂ ಕಾಣಲಿಲ್ಲ. ಕಂಕುಳಲ್ಲಿ ಚಾದರದ ಗಂಟು.

"ಎಂತ ಆಯ್ತು?"

"ಇಂಜಿನಿಯರ್ ನೋಡಿದ್ರು. ಬೆರಳಲ್ಲಿ ಬಾಗಿಲಿನಿಂದ ಮೂಲೆಯವರೆಗೆ ನಡೆದ್ರು. ಆಮೇಲೆ, ಇಲ್ಲಿ ಒಂದು ಹೆಂಗಸು ಕೂರ್ತಿದ್ದಳು ಅಂದ್ರು."

ನನ್ನ ಕಣ್ಣು ತುಂಬಿತು. "ಮತ್ತೆ ಶೇಖ್?"

"ಅವ ಚಿಪ್ಪಿ ಯಾಕೆ ಅಂತ ಕೇಳಿದ. ಇಂಜಿನಿಯರ್ ಹೇಳಿದ್ರು, ಅಲ್ಲಿನ ಯಾತ್ರೆಯವರ ಗುರುತು ಅಂತ. ಅವನ ಮುಖ ಸಣ್ಣದಾಯ್ತು. ಯಾರ ಯಾತ್ರೆ? ನನ್ನ ಗೋಡೆ ಮೇಲೆ ಬೇಡ ಅಂದ. ಎಲ್ಲ ಕಿತ್ತು ಹಾಕ್ಲಿಕ್ಕೆ ಹೇಳಿದ."

"ಎಲ್ಲವಾ?"

"ಎಲ್ಲ. ನಾನೇ ಅಲ್ಲೇ ಕೂತು ಕಿತ್ತೆ."

ಎಷ್ಟು ಬೆರಳು ಸವೆದಿತ್ತು ಅದಕ್ಕೆ! ಆದರೆ ನನಗೆ ಆ ಶೇಖ್ ಮೇಲೆ ಸಿಟ್ಟು ಬರಲಿಲ್ಲ. ನಾನು ಒಂದು ಬೆಳಕನ್ನೇ ನನ್ನ ಗೋಡೆಯ ಮೇಲೆ ಬಿಡಲಿಲ್ಲ. ಅವನು ಕಲ್ಲನ್ನು ಹೇಗೆ ಬಿಟ್ಟಾನು?

"ಉಳಿದದ್ದು?"

"ಬಾಗಿಲು ಅವನಿಗೆ ಇಷ್ಟವಾಯ್ತು. ಗಂಡಸರು ಈ ಬೀದಿಯಿಂದ ಒಳಗೆ ಬಂದ್ರೆ ಹೆಂಗಸರ ಅಂಗಳ ಕಾಣುದಿಲ್ಲ, ಮೆಟ್ಟಿಲು ಮರೆ ಮಾಡ್ತದೆ. ಅದನ್ನೇ ಎರಡೆರಡು ಸಲ ನೋಡಿದ. ಅವನ ಜಾಗದಲ್ಲಿ ಆಚೆ ಬದಿಯ ಬೀದಿಯಲ್ಲಿ ಹೆಂಗಸರು ಬಂದು ಹೋಗುದಂತೆ. ಬಾಗಿಲು ಆಚೆ ಬದಿಗಿದ್ದಿದ್ರೆ ನೇರ ಹೆಂಗಸರ ಕಡೆಗೆ ಬಾಯಿ ತೆರೀತಿತ್ತು. ಅಲ್ಲೇ ಎದ್ದು ಹೋಗ್ತಿದ್ದ." ಚಾದರದ ಗಂಟನ್ನು ಕೆಳಗಿಟ್ಟು ಹೇಳಿದರು, "ಕೆಲಸ ಉಂಟು. ಇಕಾಮಾಕ್ಕೆ ಕೊಡ್ಲಿಕ್ಕೆ ಹೇಳಿದ್ದಾರೆ."

ನಾನು ಕೂಡಲೇ ನಂಬಲಿಲ್ಲ. ಇವರು ನನ್ನನ್ನು ಸಮಾಧಾನ ಮಾಡಲು ಹೇಳುತ್ತಿರಬಹುದು. ಅವಧಿ ಮುಗಿಯುತ್ತ ಬಂದದ್ದನ್ನೇ ಮುಚ್ಚಿಟ್ಟ ಮನುಷ್ಯ. ಪುಸ್ತಕ ಕೈಗೆ ಬರುವವರೆಗೆ ನಾನು ಕಾಗದದ ಬದಲು ಮಾತು ರೆಕಾರ್ಡ್ ಮಾಡಿ ಊರಿಗೆ ಕಳಿಸುವ ಕ್ಯಾಸೆಟ್ಟಿನಲ್ಲಿ ಆ ಬಗ್ಗೆ ಒಂದು ಮಾತೂ ಮಾತಾಡಲಿಲ್ಲ. ಅಕ್ಕ ದಿನಾ ಕೇಳುತ್ತಿದ್ದರು, "ಬಂತಾ?" ನಾನು ತಲೆ ಅಲ್ಲಾಡಿಸುತ್ತಿದ್ದೆ.

ಒಂದು ಸಂಜೆ ಮೆಟ್ಟಿಲಿನಲ್ಲಿ ಚಪ್ಪಲಿಯ ಸದ್ದು ಕೇಳಿ ಮಗಳು ಓಡಿದಳು. ಇವರ ಬಲಗೈಯಲ್ಲಿ ತರಕಾರಿ ಚೀಲ, ಅದರ ಮೇಲೆ ಹಸಿ ಕೊತ್ತಂಬರಿ ಸೊಪ್ಪಿನ ಕಟ್ಟು. ಎಡಗೈಯಲ್ಲಿ ಇಕಾಮಾ. ಬಾಗಿಲಲ್ಲೇ ನಿಂತು ನಗುತ್ತ ಅದನ್ನು ನನ್ನ ಕಡೆಗೆ ಚಾಚಿದರು.

ನಾನು ಕೈ ಚಾಚಲಿಲ್ಲ.

"ತಗೋ ಮಾರಾಯ್ತಿ! ಇದಕ್ಕೂ ಸಂಶಯವಾ?"

"ಕೈ ಬದಲಾಯಿಸಿ ಕೊಡಿ," ಎಂದೆ.

ಇವರು ಚೀಲವನ್ನು ನೆಲಕ್ಕಿಟ್ಟು, ಪುಸ್ತಕವನ್ನು ಬಲಗೈಗೆ ತೆಗೆದುಕೊಂಡು ಕೊಟ್ಟರು. ನಾನು ಬಿಸ್ಮಿಲ್ಲಾಹ್ ಹೇಳಿ ತೆಗೆದುಕೊಂಡು, ಹಾಳೆ ಬಿಡಿಸಿ, ಇವರ ಹೆಸರಿನ ಪಕ್ಕದಲ್ಲಿ ನನ್ನ ಮತ್ತು ಮಗಳ ಹೆಸರು ಇದೆಯೋ ಎಂದು ಮೊದಲು ನೋಡಿದೆ. ಇತ್ತು. ಆಮೇಲೆ ಎದುರು ಬಾಗಿಲು ತಟ್ಟಲು ಹೋದೆ. ನಾನು ತಟ್ಟುವ ಮೊದಲೇ ಅದು ತೆರೆಯಿತು.